ಕ್ರಿಸ್‌ಮಸ್‌ಗೊಂದು ಕೌದಿ: ಎಡಗೈಯವರು ಯಾವ ದಾರಿ ಹಿಡಿಯಬೇಕು?

ನವೆಂಬರ್ ಕೊನೆಯ ವಾರ ಬಂದರೆ ಸಾಕು, ನಮ್ಮ ಮನೆಯ ಟ್ರಂಕಿನಿಂದ ಹಳೆ ಸೀರೆಗಳು ಹೊರಗೆ ಬರುತ್ತವೆ. ಪ್ರತಿ ಕ್ರಿಸ್‌ಮಸ್‌ಗೆ ಮನೆಮಂದಿಯಲ್ಲಿ ಒಬ್ಬರಿಗೆ ನನ್ನ ಕೈಯಾರೆ ಹೊಲಿದ ಕೌದಿ ಕೊಡಬೇಕು ಅಂತ ಇಟ್ಟುಕೊಂಡಿದ್ದೇನೆ. ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ನಾನು ಎಡಗೈಯವಳು. ನಮ್ಮ ಧಾರವಾಡದ ಕಡೆ ರೊಡ್ಡಗೈ ಅನ್ನುತ್ತಾರೆ, ಬೆಂಗಳೂರು ಮೈಸೂರು ಕಡೆ ರೊಟ್ಟೆ ಕೈ. ಹೆಸರು ಏನೇ ಇರಲಿ, ಬಟ್ಟೆ ಮುಂದೆ ಕೂತಾಗ ಆಗುವ ಕಷ್ಟ ಒಂದೇ.

ಹೊಸದಾಗಿ ಶುರು ಮಾಡುವ ಎಡಗೈಯವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಕೈಯಲ್ಲಿ ಹೊಲಿಯಬೇಕಾ, ಮಷಿನ್ನಿನಲ್ಲಾ? ಎಡಗೈ ಕತ್ತರಿ ಅಂತ ಮಾರುತ್ತಾರಲ್ಲ, ಅದು ನಿಜಕ್ಕೂ ಬೇಕಾ? ಚೌಕ ಜೋಡಿಸುವ ಕ್ವಿಲ್ಟ್ ಮಾಡಲಾ, ಅಜ್ಜಿ ಥರ ಕೌದಿ ಮಾಡಲಾ? 24ರ ರಾತ್ರಿಯೊಳಗೆ ಮುಗಿಯುತ್ತಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಷಿನ್ನಿನ ಬಗ್ಗೆ ಚಿಂತೆ ಬೇಡ, ಅದು ನಮಗೆ ಅನುಕೂಲವೇ. ದುಡ್ಡು ಹಾಕುವುದಿದ್ದರೆ ಕತ್ತರಿಗೆ ಹಾಕಿ, ಉಳಿದ ಎಡಗೈ ಸಾಮಾನುಗಳನ್ನು ಬಿಡಿ. ಕೈಯಲ್ಲಿ ಮೂರು ವಾರ ಇದ್ದರೆ, ಅಂಚಿನಿಂದ ನಡುವಿಗೆ ಸುತ್ತಿ ಬರುವ ಕವಂದಿಯ, ಅಂದರೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ, ರೀತಿ ಆರಿಸಿ. ಯಾಕೆ ಅನ್ನುವುದು ಮುಂದೆ ಇದೆ.

ಮೊದಲು ದಿನ ಎಣಿಸಿ, ಆಮೇಲೆ ಅಳತೆ

ಡಿಸೆಂಬರ್ ಸಂಜೆಗಳು ನಮ್ಮ ಕೈಯಲ್ಲಿ ಇರುವುದಿಲ್ಲ. ಕ್ಯಾರಲ್ ಹಾಡಲು ಮನೆ ಮನೆಗೆ ಹೋಗಬೇಕು. ಕರ್ಚಿಕಾಯಿ, ಚಕ್ಕುಲಿ ಆಗಬೇಕು. ಕೇಕಿಗೆ ಒಣದ್ರಾಕ್ಷಿ ನೆನೆಹಾಕಬೇಕು, ಗೋದಲಿ ಕಟ್ಟಬೇಕು, ಬಾಗಿಲಿಗೆ ನಕ್ಷತ್ರ ತೂಗುಹಾಕಬೇಕು. ಇಷ್ಟೆಲ್ಲ ಆದ ಮೇಲೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ದೊಡ್ಡದು. ಹಾಗಾಗಿ ಯಾವ ಅಳತೆ ಅನ್ನುವುದನ್ನು ಆಸೆ ನೋಡಿ ಅಲ್ಲ, ಗಂಟೆ ನೋಡಿ ಆರಿಸಬೇಕು.

ಒಂದು ಸುಲಭದ ಲೆಕ್ಕ ಇದೆ. ಹೊಲಿಗೆಯ ಸಾಲಿಗೂ ಸಾಲಿಗೂ 2 ಸೆಂಟಿಮೀಟರ್ ಅಂತರ ಇಟ್ಟರೆ, ಉದ್ದವನ್ನು ಅಗಲದಿಂದ ಗುಣಿಸಿ ಎರಡರಿಂದ ಭಾಗಿಸಿ. ಎಷ್ಟು ಸೆಂಟಿಮೀಟರ್ ಹೊಲಿಯಬೇಕು ಅನ್ನುವುದು ಸಿಗುತ್ತದೆ. ನನ್ನ ಕೈಗೆ ಗಂಟೆಗೆ ಸುಮಾರು 3 ಮೀಟರ್ ಸಾಗುತ್ತದೆ, ಚೂರು ಮಡಚಿ ಕೂರಿಸುವುದೂ ಸೇರಿ. ಮೊದಲ ಸಲ ಮಾಡುವವರಿಗೆ ಇನ್ನೂ ಕಡಿಮೆ ಅಂತ ಇಟ್ಟುಕೊಳ್ಳಿ.

40 ಸೆಂಟಿಮೀಟರ್ ಚೌಕದ ದಿಂಬಿನ ಮುಖಕ್ಕೆ 8 ಮೀಟರ್ ಹೊಲಿಗೆ. ಮೂರು ಗಂಟೆಯೊಳಗೆ ಆಗುತ್ತದೆ. ಊಟದ ಟೇಬಲ್ಲಿನ ನಡುವೆ ಹಾಸುವ 35 × 120ರ ಪಟ್ಟಿಗೆ 21 ಮೀಟರ್, ಏಳು ಗಂಟೆ. ಕೂಸಿನ ಕೌದಿ 90 × 110 ಅಂದರೆ ಹೆಚ್ಚು ಕಡಿಮೆ 50 ಮೀಟರ್, ಹದಿನೇಳು ಗಂಟೆ. ಒಬ್ಬರು ಹೊದೆಯುವ 150 × 220ರ ಕೌದಿಗೆ 165 ಮೀಟರ್, ಐವತ್ತೈದು ಗಂಟೆ.

ಡಿಸೆಂಬರ್ 1ಕ್ಕೆ ದಿನಕ್ಕೊಂದು ಗಂಟೆಯಂತೆ ಶುರು ಮಾಡಿದರೆ ಕೂಸಿನ ಕೌದಿ 18ರ ಹೊತ್ತಿಗೆ ಮುಗಿದು, ಒಗೆದು ಒಣಗಿಸಲೂ ಸಮಯ ಉಳಿಯುತ್ತದೆ. ದೊಡ್ಡ ಕೌದಿ ಮುಗಿಯುವುದಿಲ್ಲ. ದೊಡ್ಡದು ಬೇಕಿದ್ದರೆ ದಸರಾ ರಜೆಯಲ್ಲೇ ಸೂಜಿ ಹಿಡಿಯಬೇಕು. ಡಿಸೆಂಬರ್ 15 ದಾಟಿದ ಮೇಲೆ ಕೈಹೊಲಿಗೆಯಲ್ಲಿ ಶುರು ಮಾಡುವವರಿಗೆ ನಾನು ಟೇಬಲ್ ಪಟ್ಟಿಯನ್ನೇ ಹೇಳುತ್ತೇನೆ. ದಾರ ಎರಡೆಳೆ ಹಿಡಿದು ಹೊಲಿಯುವುದರಿಂದ ಕೂಸಿನ ಕೌದಿಗೆ ಸುಮಾರು 120 ಮೀಟರ್ ದಾರ ಬೇಕು. ಹಬ್ಬದ ವಾರ ಅದೇ ಬಣ್ಣದ ರೀಲು ಅಂಗಡಿಯಲ್ಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಮೊದಲೇ ಅಷ್ಟೂ ತಂದಿಟ್ಟುಕೊಳ್ಳಿ.

ಮೂರು ರೀತಿ, ಎಡಗೈಗೆ ಮೂರು ಅನುಭವ

ಚೌಕಗಳನ್ನು ಕತ್ತರಿಸಿ ಜೋಡಿಸುವ ಕ್ವಿಲ್ಟ್ ಇದೆ, ಇಂಟರ್ನೆಟ್ಟಿನಲ್ಲಿ ಜಾಸ್ತಿ ಕಾಣುವುದು ಇದೇ. ಚೂರುಗಳನ್ನು ಕಾಲು ಇಂಚು ಅಂಚು ಬಿಟ್ಟು ಜೋಡಿಸಬೇಕು, ಇಸ್ತ್ರಿ ಮಾಡಬೇಕು, ಮೇಲೊಂದು ಬಟ್ಟೆ ನಡುವೆ ಹತ್ತಿ ಕೆಳಗೊಂದು ಬಟ್ಟೆ ಇಟ್ಟು ಹೊಲಿಯಬೇಕು, ಕೊನೆಗೆ ಸುತ್ತ ಪಟ್ಟಿ ಕಟ್ಟಬೇಕು. ಇದರಲ್ಲಿ ಎಡಗೈಯವರಿಗೆ ತೊಂದರೆ ಕೊಡುವುದು ಹೊಲಿಗೆ ಅಲ್ಲ, ಕತ್ತರಿಸುವ ಕೆಲಸ. ಬಲಗೈಯವರು ಬರೆದ ಸೂಚನೆ ಓದಿಕೊಂಡು ಓರೆ ಆಕಾರದ ಚೂರುಗಳನ್ನು ನಮ್ಮ ಕಡೆಯಿಂದ ಕತ್ತರಿಸಿದರೆ ಕೆಲವು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರುತ್ತವೆ. ಅಂಥ ಚೂರುಗಳಿಂದ ನಕ್ಷತ್ರ ಮಾಡಲು ಹೋದರೆ ಅದರ ಎಂಟು ಮೂಲೆಯಲ್ಲಿ ಎರಡು ಕೂರುವುದೇ ಇಲ್ಲ. ಈ ರೀತಿ ಬೇಕೇ ಬೇಕು ಅನ್ನುವವರು ಬರೀ ಚೌಕ, ಬರೀ ಪಟ್ಟಿ ಆರಿಸಿಕೊಳ್ಳಿ. ಚೌಕಕ್ಕೆ ಎಡಬಲ ಇಲ್ಲ.

ಇನ್ನೊಂದು, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿ. ಹಳೆ ನೂಲಿನ ಸೀರೆಗಳನ್ನು ಎರಡೋ ಮೂರೋ ಪದರ ಹಾಸಿ, ಮೇಲೆ ಚೂರು ಜೋಡಿಸಿ, ಈ ತುದಿಯಿಂದ ಆ ತುದಿಗೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ ಹೋಗುವುದು. ಎಡಗೈಗೆ ಇದರಲ್ಲಿ ಅಡ್ಡಿಯೇನೂ ಇಲ್ಲ. ಬಲಗೈಯವರು ಬಲದಿಂದ ಎಡಕ್ಕೆ ಹೋಗುತ್ತಾರೆ, ನಾವು ಎಡದಿಂದ ಬಲಕ್ಕೆ. ಆದರೆ ಪದರಗಳು ಜರುಗದ ಹಾಗೆ ಮೊದಲು ಎಲ್ಲ ಕಡೆ ಕಚ್ಚಾ ಹೊಲಿಗೆ ಹಾಕಲೇಬೇಕು. ಅದಕ್ಕೆ ನೆಲದ ಮೇಲೆ ಜಾಗ ಬೇಕು, ಒಂದಿಡೀ ಮಧ್ಯಾಹ್ನ ಬೇಕು. ಹಬ್ಬದ ಮನೆಯಲ್ಲಿ ಎರಡೂ ಕಷ್ಟ.

ಮೂರನೆಯದು ಕವಂದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೆಲಸ ಇದು. ಆಫ್ರಿಕಾದಿಂದ ಬಂದವರ ವಂಶದವರು ಸಿದ್ದಿಗಳು. ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ಅಲ್ಲಿಂದ ತಪ್ಪಿಸಿಕೊಂಡು ಈ ಕಾಡಿನ ಸೀಮೆಗೆ ಬಂದು ನೆಲೆಸಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕ್ರೈಸ್ತ ಸಿದ್ದಿಗಳ ಕೆಲವು ಕವಂದಿಗಳಲ್ಲಿ ಚೂರು ಬಟ್ಟೆಯ ಶಿಲುಬೆಯನ್ನೇ ಕೂರಿಸಿರುತ್ತಾರೆ. ಕ್ರಿಸ್‌ಮಸ್ ಉಡುಗೊರೆಗೆ ಕೌದಿ ಅಂದಾಗ ನನಗೆ ಮೊದಲು ನೆನಪಾಗುವುದು ಅದೇ.

ಕವಂದಿಯನ್ನು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಗುಂಟ ಚೂರು ಇಡುತ್ತಾ, ಹೊಲಿಯುತ್ತಾ, ಸುತ್ತು ಹಾಕಿಕೊಂಡು ಒಳಗೆ ಒಳಗೆ ಬರುತ್ತಾರೆ. ಕೊನೆಯ ಚೂರು ನಡುಮಧ್ಯದಲ್ಲಿ ಕೂರುತ್ತದೆ. ಮೇಲಿನ ಚೂರು, ನಡುವಿನ ಪದರ, ಕೆಳಗಿನ ಸೀರೆ ಮೂರೂ ಒಂದೇ ಹೊಲಿಗೆಯಲ್ಲಿ ಸೇರುತ್ತವೆ. ಮೊದಲೇ ಜೋಡಿಸುವ ಕೆಲಸ ಇಲ್ಲ, ಅಂಚಿಗೆ ಬೇರೆ ಪಟ್ಟಿ ಕಟ್ಟುವ ಕೆಲಸವೂ ಇಲ್ಲ. ಕೆಳಗಿನ ಸೀರೆಯ ಅಂಚನ್ನೂ ಚೂರಿನ ಅಂಚನ್ನೂ ಒಳಕ್ಕೆ ಮಡಚಿ ಒಟ್ಟಿಗೆ ಹೊಲಿದರೆ ಆಯಿತು. ಮಡಿಲಲ್ಲಿ ಇಟ್ಟುಕೊಂಡು ಮಾಡುವ ಕೆಲಸ. ಒಲೆ ಮೇಲೆ ಹಾಲಿಟ್ಟು ಪಕ್ಕದಲ್ಲಿ ಕೂತು ಒಂದು ಸಾಲು ಹಾಕಬಹುದು.

ಎಡಗೈಗೆ ಇದು ಯಾಕೆ ಒಗ್ಗುತ್ತದೆ ಅಂದರೆ, ಇಡೀ ಕೆಲಸದಲ್ಲಿ ದಿಕ್ಕು ಒಂದೇ. ಅದನ್ನು ಒಂದು ಸಲ ತಿರುಗಿಸಿಕೊಂಡರೆ ಎಲ್ಲವೂ ತಿರುಗಿತು. ಅಂಚನ್ನು ಹೊಟ್ಟೆಯ ಕಡೆ ಇಟ್ಟುಕೊಂಡು ಕೂತರೆ ಬಲಗೈಯವರದು ಬಲಸುತ್ತು, ಅಂದರೆ ಗಡಿಯಾರದ ಮುಳ್ಳಿನ ದಿಕ್ಕು, ಆಗುತ್ತದೆ. ನಮ್ಮದು ಎಡಸುತ್ತು. ಅಂಚನ್ನು ಆಚೆ ಕಡೆ ಇಟ್ಟುಕೊಂಡರೆ ನಮ್ಮದು ಬಲಸುತ್ತು. ಯಾವುದಾದರೂ ಸರಿ. ಶುರು ಮಾಡಿದ ಮೇಲೆ ನಡುವೆ ಬದಲಿಸಬೇಡಿ, ಅಷ್ಟೇ.

ಚೂರು ಮಡಚುವುದರಲ್ಲಿ ಮಾತ್ರ ಎಚ್ಚರ ಬೇಕು. ಬಲಗೈಯವರು ಹೇಳಿಕೊಡುವಾಗ ಚೂರಿನ ಬಲಗಡೆ ಅಂಚು ಮತ್ತು ಹೊರ ಅಂಚನ್ನು ಮಡಚಿ ಅನ್ನುತ್ತಾರೆ. ನಾನು ಮೊದಲ ಸಲ ಹಾಗೇ ಮಾಡಿದೆ. ಒಂದು ಸುತ್ತು ಪೂರ್ತಿ ಬಂದು ನೋಡಿದರೆ ಎಲ್ಲ ಚೂರುಗಳ ಎಡ ಅಂಚೂ ಬಾಯಿ ಬಿಟ್ಟುಕೊಂಡು ದಾರ ಬಿಚ್ಚುತ್ತಿದ್ದವು. ಮೂರು ಸಂಜೆಯ ಹೊಲಿಗೆ ಬಿಚ್ಚಿದೆ. ಎಡಗೈಯವರು ಎಡ ಅಂಚು ಮತ್ತು ಹೊರ ಅಂಚನ್ನು ಒಳಕ್ಕೆ ಮಡಚಬೇಕು. ಬಲ ಅಂಚು ಹಾಗೇ ಇರಲಿ. ಮುಂದಿನ ಚೂರು ಬಲಗಡೆಯೇ ಬಂದು, ತನ್ನ ಮಡಚಿದ ಅಂಚಿನಿಂದ ಅದನ್ನು ಮುಚ್ಚುತ್ತದೆ. ಒಳ ಅಂಚೂ ಹಾಗೇ ಇರಲಿ. ಅದನ್ನು ಒಳಗಿನ ಸುತ್ತಿನ ಚೂರು ಮುಚ್ಚುತ್ತದೆ. ಒಂದು ಚೀಟಿಯಲ್ಲಿ "ಎಡ, ಹೊರ" ಅಂತ ಬರೆದು ಎದುರಿಗೆ ಇಟ್ಟುಕೊಳ್ಳಿ. ಎರಡನೇ ಸುತ್ತಿನ ಹೊತ್ತಿಗೆ ಚೀಟಿ ಬೇಕಾಗುವುದಿಲ್ಲ.

ಕೈಯಾ, ಮಷಿನ್ನಾ?

ಮಷಿನ್ ಬಲಗೈಯವರಿಗೆ ಅಂತಲೇ ಮಾಡಿದ್ದು, ಚಕ್ರ ಬಲಗಡೆ ಇದೆ ಅಲ್ವಾ, ಅಂತ ಬಹಳ ಜನ ಹಿಂಜರಿಯುತ್ತಾರೆ. ಕೂತು ನೋಡಿದರೆ ವಿಷಯ ಬೇರೆ. ಹೊಲಿಯುವಾಗ ನಾಜೂಕಿನ ಕೆಲಸ ಎಂದರೆ ಸೂಜಿಯ ಪಕ್ಕ ಬಟ್ಟೆಯನ್ನು ನೇರವಾಗಿ ನಡೆಸುವುದು. ಬಟ್ಟೆಯ ಹೆಚ್ಚಿನ ಭಾಗ ಸೂಜಿಯ ಎಡಕ್ಕೆ ಇರುತ್ತದೆ, ಅದನ್ನು ಹಿಡಿಯುವುದು ಎಡಗೈ. ಅಂದರೆ ನಮ್ಮ ಪಳಗಿದ ಕೈ ಇರಬೇಕಾದ ಜಾಗದಲ್ಲೇ ಇದೆ. ಕೈಯಲ್ಲಿ ತಿರುಗಿಸುವ ಹಳೆ ಮಷಿನ್ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಬಲಗೈ ಸುಮ್ನೆ ಹಿಡಿಕೆ ತಿರುಗಿಸಿಕೊಂಡಿರುತ್ತದೆ, ಎಡಗೈ ಬಟ್ಟೆ ನೋಡಿಕೊಳ್ಳುತ್ತದೆ. ಕಾಲಿನಲ್ಲಿ ತುಳಿಯುವ ಉಷಾ, ಸಿಂಗರ್, ಮೆರಿಟ್ ಮಷಿನ್ನಿನಲ್ಲಿ ಎರಡೂ ಕೈ ಖಾಲಿ, ಹಾಗಾಗಿ ಎಡಬಲದ ಪ್ರಶ್ನೆಯೇ ಕಡಿಮೆ.

ಮಷಿನ್ನಿನಲ್ಲಿ ತೊಂದರೆ ಬೇರೆ ಕಡೆ ಇದೆ, ಅದು ಎಲ್ಲರಿಗೂ ಒಂದೇ. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಸಂದು ಚಿಕ್ಕದು. ಅಲ್ಲಿ ಅರ್ಧ ಕೌದಿಯನ್ನು ಸುರುಳಿ ಸುತ್ತಿ ತೂರಿಸಬೇಕು. ಕೂಸಿನ ಅಳತೆಯದು ತೂರುತ್ತದೆ. ಮಂಚದ ಅಳತೆಯದು ಒದ್ದಾಡಿಸುತ್ತದೆ. ಯಾವಾಗಲೂ ನಡುವಿನ ಸಾಲಿನಿಂದ ಶುರು ಮಾಡಿ ಒಂದೊಂದು ಕಡೆಗೆ ಹೋಗಿ. ಎಡಗಡೆ ಇನ್ನೊಂದು ಟೇಬಲ್ ತಾಗಿಸಿ ಇಟ್ಟರೆ ಕೌದಿಯ ಭಾರ ಅದರ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಭಾರಕ್ಕೆ ಬಟ್ಟೆ ಜಗ್ಗಿ ಸಾಲು ಸೊಟ್ಟಗಾಗುತ್ತದೆ. ಗುಂಡುಪಿನ್ನನ್ನು ತಲೆ ಎಡಕ್ಕೆ ಬರುವ ಹಾಗೆ ಚುಚ್ಚಿ, ಸೂಜಿಯ ಹತ್ತಿರ ಬಂದಾಗ ಎಡಗೈಯಲ್ಲೇ ಎಳೆದುಬಿಡಬಹುದು.

ಗಂಟೆಯ ಲೆಕ್ಕದಲ್ಲಿ ಮಷಿನ್ನೇ ಮುಂದು. ಕೂಸಿನ ಅಳತೆಗೆ 5 ಸೆಂಟಿಮೀಟರ್‌ಗೊಂದು ಉದ್ದ ಸಾಲು ಹಾಕಿದರೆ 18 ಸಾಲು, 20 ಮೀಟರ್ ಹೊಲಿಗೆ. ಪದರ ಜೋಡಿಸಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 20ನೇ ತಾರೀಖಿಗೆ ನೆನಪಾದವರಿಗೆ ಇದೊಂದೇ ದಾರಿ.

ಆದರೆ ಸಮಯ ಇರುವವರಿಗೆ ನಾನು ಕೈಹೊಲಿಗೆಯನ್ನೇ ಹೇಳುತ್ತೇನೆ. ಮಷಿನ್ನಿನ ಹೊಲಿಗೆ ಪದರಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಕೌದಿ ಸ್ವಲ್ಪ ಗಟ್ಟಿ ಅನಿಸುತ್ತದೆ. ಕೈಹೊಲಿಗೆಯ ಕೌದಿ ಮೊದಲ ಸಲ ಒಗೆದಾಗಲೇ ಸಾಲುಗಳ ನಡುವೆ ಸಣ್ಣಗೆ ಉಬ್ಬಿ, ಮೈಗೆ ಅಂಟಿಕೊಂಡು ಬೀಳುತ್ತದೆ. ಕೂಸಿಗೆ ಹೊದಿಸಿ ನೋಡಿದವರಿಗೆ ಆ ವ್ಯತ್ಯಾಸ ಗೊತ್ತು.

ಕತ್ತರಿ, ಕಟರ್, ಇಲ್ಲವೇ ಹರಿಯುವುದು

ದುಡ್ಡು ಯೋಚಿಸಿ ಹಾಕಬೇಕಾದ ಜಾಗ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಾಮಾನ್ಯ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಯಾಕೆ ಅಗಿಯುತ್ತದೆ? ಕತ್ತರಿ ಹಿಡಿದಾಗ ಹೆಬ್ಬೆರಳು ತಾನಾಗಿ ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳು ಒಳಕ್ಕೆ ಎಳೆಯುತ್ತವೆ. ಬಲಗೈಯಲ್ಲಿ ಈ ಒತ್ತಡ ಎರಡೂ ಅಲಗನ್ನು ಒಂದಕ್ಕೊಂದು ಒತ್ತುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಅದೇ ಒತ್ತಡ ಅಲಗುಗಳನ್ನು ದೂರ ಮಾಡುತ್ತದೆ. ನಡುವೆ ಬಟ್ಟೆ ಮಡಚಿ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಮೇಲಿನ ಅಲಗು ನಾವು ಎಳೆದ ಗೆರೆಯನ್ನೇ ಮುಚ್ಚುತ್ತದೆ, ಎಲ್ಲಿ ಕತ್ತರಿಸುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಚಿಕ್ಕಂದಿನಿಂದ "ನಿನಗೆ ನೆಟ್ಟಗೆ ಕತ್ತರಿಸೋಕೆ ಬರಲ್ಲ" ಅಂತ ಕೇಳಿಕೊಂಡು ಬಂದವರು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಿ. ತಪ್ಪು ನಿಮ್ಮ ಕೈಯದಾಗಿರಲಿಲ್ಲ.

ನಿಜವಾದ ಎಡಗೈ ಕತ್ತರಿಯನ್ನು ಗುರುತಿಸುವುದು ಸುಲಭ. ತುದಿ ಆಚೆ ಮಾಡಿ ಹಿಡಿದು ಬಾಯಿ ತೆರೆಯಿರಿ. ಮೇಲೆ ನಿಂತ ಅಲಗು ಎಡಗಡೆ ಇದ್ದರೆ ಅದು ನಮ್ಮದು. ಬಲಗಡೆ ಇದ್ದರೆ ಎಷ್ಟು ಮಗುಚಿ ಹಿಡಿದರೂ ಅದು ಬಲಗೈ ಕತ್ತರಿಯೇ. "ಎರಡೂ ಕೈಗೆ ಆಗುತ್ತದೆ" ಅಂತ ಬರೆದಿರುವವುಗಳಲ್ಲಿ ಬಹುತೇಕ ಹಿಡಿಕೆ ಮಾತ್ರ ಬದಲಾಗಿರುತ್ತದೆ, ಅಲಗು ಹಳೆಯದೇ. ಎಡಗೈಯವರ ಕಿಟ್ ಅಂತ ನಾನೂ ಒಂದು ಸಲ ಆನ್‌ಲೈನಿನಲ್ಲಿ ತರಿಸಿದ್ದೆ. ಡಬ್ಬಿ ತೆರೆದು ನೋಡಿದರೆ ಕತ್ತರಿಯ ಮೇಲಿನ ಅಲಗು ಬಲಗಡೆಯೇ ಇತ್ತು. ಈಗ ಫೋಟೋದಲ್ಲಿ ಅಲಗು ಕಾಣದೆ ತರಿಸುವುದಿಲ್ಲ. ಅಂಗಡಿಯಲ್ಲಾದರೆ ಒಂದು ತುಂಡು ಮಲ್ ಬಟ್ಟೆ ಜೊತೆಗೆ ಒಯ್ದು ತುದಿಯಿಂದ ಕತ್ತರಿಸಿ ನೋಡಿ.

ಹೊಸ ಕತ್ತರಿ ಬರುವವರೆಗೆ ಮನೆಯ ಕತ್ತರಿಯಲ್ಲೇ ಸುಧಾರಿಸಿಕೊಳ್ಳಬೇಕಾ? ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದುಕೊಂಡು, ಉಳಿದ ಬೆರಳುಗಳನ್ನು ಹೊರಕ್ಕೆ ಒತ್ತಿ ಕತ್ತರಿಸಿ. ಅಲಗುಗಳು ಕೂಡಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಕೈ ನೋಯುತ್ತದೆ, ಆದರೆ ನಾಲ್ಕು ಚೂರಿಗೆ ಸಾಕು.

ಇನ್ನು ಚಕ್ರದ ಹಾಗೆ ಉರುಳುವ ರೋಟರಿ ಕಟರ್. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ತಂದ ಮೇಲೆ ಕ್ವಿಲ್ಟ್ ಮಾಡುವವರ ಕೆಲಸವೇ ಬದಲಾಯಿತು. ನಾಲ್ಕು ಪದರ ಬಟ್ಟೆ ಒಂದೇ ಎಳೆತಕ್ಕೆ ಕತ್ತರಿಸುತ್ತದೆ. ಎಡಗೈಯವರು ಸ್ಕೇಲನ್ನು ಬಲಗೈಯಲ್ಲಿ ಒತ್ತಿ ಹಿಡಿದು, ಅದರ ಎಡ ಅಂಚಿನ ಗುಂಟ ಕಟರ್ ಓಡಿಸಬೇಕು. ಆಗ ಬ್ಲೇಡು ಹಿಡಿಕೆಯ ಬಲಬದಿಯಲ್ಲಿ, ಸ್ಕೇಲಿಗೆ ತಾಗಿಕೊಂಡು ಇರಬೇಕು. ಕೆಲವು ಕಟರಿನಲ್ಲಿ ಬ್ಲೇಡನ್ನು ಬಿಚ್ಚಿ ಆಚೆ ಬದಿಗೆ ಹಾಕಬಹುದು, ಕೆಲವದರಲ್ಲಿ ಆಗುವುದಿಲ್ಲ. ಕೊಳ್ಳುವ ಮುಂಚೆ ನೋಡಬೇಕಾದದ್ದು ಇದೊಂದೇ. ಸ್ಕೇಲಿನ ಅಂಕಿಗಳು ಎಡ ಅಂಚಿನಿಂದ ಶುರುವಾಗಬೇಕು. ಎರಡೂ ಕಡೆಯಿಂದ ಅಂಕಿ ಇರುವ ಸ್ಕೇಲ್ ಸಿಗುತ್ತದೆ, ಹಾಗಾಗಿ ಎಡಗೈಯದು ಅಂತ ಬೇರೆ ಬೆಲೆ ಕೊಡಬೇಕಾಗಿಲ್ಲ. ಕಟರ್ ಜೊತೆ ಕೆಳಗೆ ಹಾಸುವ ಮ್ಯಾಟೂ ಬೇಕು ಅನ್ನುವುದು ಲೆಕ್ಕದಲ್ಲಿರಲಿ. ಕೆಳಗಿಡುವಾಗ ಪ್ರತಿ ಸಲ ಬ್ಲೇಡು ಮುಚ್ಚಿ, ಅದರಲ್ಲೂ ರಜೆಗೆ ಮಕ್ಕಳು ಬಂದಿರುವ ಮನೆಯಲ್ಲಿ. ಚೌಕದ ಕ್ವಿಲ್ಟ್ ಮಾಡುವವರಿಗೆ ಕಟರ್ ಬೇಕು. ಕವಂದಿ ಮಾಡುವವರಿಗೆ ಬೇಡ.

ಯಾಕೆಂದರೆ ಮೂರನೇ ದಾರಿ ಒಂದಿದೆ, ಅದಕ್ಕೆ ಸಾಮಾನೇ ಬೇಡ. ನೂಲಿನ ಸೀರೆಯ ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಪರ್ ಅಂತ ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ. ಯಾವ ಸ್ಕೇಲೂ ಅಷ್ಟು ನೇರ ಗೆರೆ ಕೊಡುವುದಿಲ್ಲ. ಅಂಚಿನಲ್ಲಿ ನಾಲ್ಕು ದಾರ ಬಿಚ್ಚಿಕೊಳ್ಳುತ್ತವೆ ನಿಜ, ಆದರೆ ಕವಂದಿಯಲ್ಲಿ ಅಂಚು ಮಡಚಿ ಒಳಗೆ ಹೋಗುತ್ತದೆ ಅಥವಾ ಇನ್ನೊಂದು ಚೂರಿನಡಿ ಮುಚ್ಚಿಹೋಗುತ್ತದೆ. ಹರಿಯುವುದಕ್ಕೆ ಎಡಗೈ ಬಲಗೈ ಇಲ್ಲ.

ಒಳಗೆ ಏನು, ಮೇಲೆ ಏನು

ನಡುವಿನ ಪದರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಧಾರವಾಡ, ಬೆಳಗಾವಿಯ ಚಳಿಗೆ ಎರಡು ಪದರ ಹಳೆ ಸೀರೆ ಸಾಕು. ಮಂಗಳೂರಿನ ಸೆಕೆಗೆ ಒಂದೇ ಪದರ, ಅಥವಾ ಒಂದು ಸವೆದ ಬೆಡ್‌ಶೀಟ್. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಹಾಳೆ ಹಗುರ, ಉಬ್ಬಿ ಚೆನ್ನಾಗಿ ಕಾಣುತ್ತದೆ, ಬೇಗ ಒಣಗುತ್ತದೆ. ಆದರೆ ನೂಲು ಬಟ್ಟೆಯ ಹಾಗೆ ಬೆವರು ಹೀರುವುದಿಲ್ಲ, ಕೂಸಿಗೆ ನಾನು ಹಾಕುವುದಿಲ್ಲ. ಹತ್ತಿಯ ಹಾಳೆ ಒಳ್ಳೆಯದು, ಆದರೆ ಸಾಲುಗಳು ಹತ್ತಿರ ಇಲ್ಲದಿದ್ದರೆ ಒಗೆದಾಗ ಒಳಗೇ ಗಂಟು ಕಟ್ಟುವ ಭಯ ಇದೆ. ಪದರ ಹೆಚ್ಚಾದಷ್ಟೂ ಸೂಜಿ ತಳ್ಳುವ ಬೆರಳಿಗೆ ಪೆಟ್ಟು. ಎಡಗೈಯ ನಡುಬೆರಳಿಗೆ ಒಂದು ಲೋಹದ ಟೋಪಿ ಹಾಕಿಕೊಳ್ಳಿ. ಇದರಲ್ಲಿ ಎಡಬಲ ಇಲ್ಲ, ಬೆರಳಿನ ಅಳತೆ ಸರಿ ಇದ್ದರೆ ಸಾಕು.

ಬಣ್ಣದ್ದು ಮಾತ್ರ ನಿಜವಾದ ಅಪಾಯ. ಕ್ರಿಸ್‌ಮಸ್ ಅಂದರೆ ಕೆಂಪು, ಬಿಳಿ, ಹಸಿರು. ಒಂದು ವರ್ಷ ಹೊಸ ಕೆಂಪು ಪಾಪ್ಲಿನ್ನನ್ನು ಒಗೆಯದೆ ಹಾಗೇ ಬಿಳಿ ಚೂರುಗಳ ಪಕ್ಕ ಹೊಲಿದೆ. ಮುಗಿದ ಮೇಲೆ ಒಗೆದು ತಂತಿಗೆ ಹಾಕಿದಾಗ ಪ್ರತಿ ಬಿಳಿ ಚೌಕದ ಸುತ್ತ ಗುಲಾಬಿ ಬಣ್ಣ ಇಳಿದಿತ್ತು, ಏಲಕ್ಕಿ ಬಾಳೆಹಣ್ಣಿನಷ್ಟು ಅಗಲ. ಇವತ್ತಿಗೂ ಆ ಕೌದಿ ನಮ್ಮ ಮನೆಯಲ್ಲೇ ಇದೆ, ಕೊಡಲು ಮನಸ್ಸಾಗಲಿಲ್ಲ. ಕೆಂಪು ಬಟ್ಟೆಯನ್ನು ಬೇರೆಯಾಗಿ ಎರಡು ಮೂರು ಸಲ ಒಗೆಯಿರಿ. ಆಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಹತ್ತಿದರೆ ಆ ಬಟ್ಟೆ ಬಿಟ್ಟುಬಿಡಿ. ಹತ್ತು ವರ್ಷ ಉಟ್ಟು ಒಗೆದ ಕೆಂಪು ಸೀರೆ ಇದ್ದರೆ ಅದೇ ಎಲ್ಲಕ್ಕಿಂತ ನಂಬಿಕೆಯದು, ಬಿಡುವ ಬಣ್ಣ ಬಹುಮಟ್ಟಿಗೆ ಆಗಲೇ ಬಿಟ್ಟಿರುತ್ತದೆ. ಅದಕ್ಕೂ ಒಂದು ಸಲ ಬಿಳಿ ಬಟ್ಟೆ ಒತ್ತಿ ನೋಡುವುದು ಒಳ್ಳೆಯದು. ಡಿಸೆಂಬರ್‌ನಲ್ಲಿ ಟೇಲರ್ ಅಂಗಡಿಯ ಮೂಲೆಯಲ್ಲಿ ಹಬ್ಬದ ಫ್ರಾಕಿನ ಸ್ಯಾಟಿನ್, ವೆಲ್ವೆಟ್ ಚೂರು ರಾಶಿ ಬಿದ್ದಿರುತ್ತವೆ. ನೋಡಲು ಚೆಂದ, ಆದರೆ ಸ್ಯಾಟಿನ್ ಜಾರುತ್ತದೆ, ವೆಲ್ವೆಟ್ ದಪ್ಪ. ಮೊದಲ ಕೌದಿಗೆ ಎರಡೂ ಬೇಡ.

ಕಲಿಯುವಾಗ ಎಲ್ಲಿ ಕೂರಬೇಕು

ನಮ್ಮ ಅಜ್ಜಿ ಬಲಗೈಯವಳು. ನಾನು ಅವಳ ಪಕ್ಕ ಕೂತು ಕಲಿಯಲು ನೋಡುತ್ತಿದ್ದೆ, ಸೂಜಿ ಯಾವ ಕಡೆಯಿಂದ ಹೋಗಿ ಯಾವ ಕಡೆ ಬಂತು ಅಂತಲೇ ತಿಳಿಯುತ್ತಿರಲಿಲ್ಲ. ಒಂದು ದಿನ ಅವಳೇ ಚಾಪೆ ತಿರುಗಿಸಿ ಹಾಕಿ, "ಇಲ್ಲಿ ಎದುರಿಗೆ ಕುಂದ್ರ ಬಾ ಯವ್ವಾ, ಕನ್ನಡ್ಯಾಗ ನೋಡಿಧಂಗ ನೋಡು" ಅಂದಳು. ಅವಳ ಬಲಗೈ ನನ್ನ ಎಡಗೈಯ ಎದುರಿಗೆ ಬಂತು. ಅವಳ ಸೂಜಿ ನನ್ನ ಎಡದಿಂದ ಬಲಕ್ಕೆ ಹೋಯಿತು. ಅವತ್ತು ಸಂಜೆಯೊಳಗೆ ನನಗೆ ಸಾಲು ಹಾಕಲು ಬಂತು.

ಈಗ ವಿಡಿಯೋ ಆರಿಸುವಾಗಲೂ ನಾನು ಅದನ್ನೇ ನೋಡುತ್ತೇನೆ. ಹೊಲಿಯುವವರ ಹೆಗಲ ಮೇಲಿನಿಂದ ತೆಗೆದ ವಿಡಿಯೋ ನಮಗೆ ಕಷ್ಟ. ಎದುರಿನಿಂದ ತೆಗೆದದ್ದು ಸುಲಭ. ಬೇಕಾದ ವಿಡಿಯೋ ಹೆಗಲ ಮೇಲಿನದೇ ಆಗಿದ್ದರೆ ಫೋನನ್ನು ಕನ್ನಡಿಗೆ ತೋರಿಸಿ, ಕನ್ನಡಿಯಲ್ಲಿ ನೋಡಿ. ಒಬ್ಬ ಎಡಗೈ ಟೀಚರ್ ಸಿಕ್ಕ ಹಾಗೆ ಆಗುತ್ತದೆ.

ಬೆಳಕನ್ನೂ ತಿರುಗಿಸಿಕೊಳ್ಳಿ. ದೀಪ ಎಡಗಡೆ ಇದ್ದರೆ ನಮ್ಮ ಕೈಯ ನೆರಳು ಸೂಜಿಯ ಮೇಲೇ ಬೀಳುತ್ತದೆ. ಬಲಗಡೆಯಿಂದ ಬೆಳಕು ಬರುವ ಕಿಟಕಿಯ ಹತ್ತಿರ ಕೂರಿ, ಡಿಸೆಂಬರ್‌ನಲ್ಲಿ ಬೇಗ ಕತ್ತಲಾಗುತ್ತದೆ. ಚಾಕಿನಿಂದ ಗೆರೆ ಎಳೆಯುವಾಗ ಬಲದಿಂದ ಎಡಕ್ಕೆ ಎಳೆಯಿರಿ, ಇಲ್ಲದಿದ್ದರೆ ಎಳೆದ ಗೆರೆಯನ್ನು ನಮ್ಮ ಕೈಯೇ ಒರೆಸಿಕೊಂಡು ಹೋಗುತ್ತದೆ. ದಾರ ಮೊಳದುದ್ದಕ್ಕಿಂತ ಜಾಸ್ತಿ ಬೇಡ. ಅದು ಹುರಿಗೊಂಡು ಸಿಕ್ಕಾಗಲು ಶುರುವಾದರೆ ಕೌದಿಯನ್ನು ಎತ್ತಿ ಹಿಡಿದು ಸೂಜಿಯನ್ನು ಕೆಳಗೆ ಬಿಡಿ, ಗಿರಗಿರ ತಿರುಗಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇಷ್ಟಾದರೂ 24ಕ್ಕೆ ಮುಗಿಯದಿದ್ದರೆ ರಾತ್ರಿಯಿಡೀ ಕೂತು ಹೊಲಿಯಬೇಡಿ, ದಣಿದ ಕೈಯ ಸಾಲು ಬೇರೆಯೇ ಕಾಣುತ್ತದೆ. ಹಬ್ಬದ ಕಾಲ ಜನವರಿ 6ರ ಮೂರು ರಾಯರ ಹಬ್ಬದವರೆಗೂ ಇದೆ. ಆ ರಾಯರು ಕೂಸು ಯೇಸುವಿಗೆ ಕಾಣಿಕೆ ತಂದದ್ದನ್ನು ನೆನೆಯುವ ದಿನ ಅದು. ಅವತ್ತು ಕೌದಿ ಕೊಟ್ಟರೂ ಹಬ್ಬಕ್ಕೇ ಕೊಟ್ಟ ಹಾಗೆ.

ಕವಂದಿ ಹೊಲಿದವರು ಕಟ್ಟಿ ಕೊಡುವ ಮುಂಚೆ ನಾಲ್ಕು ಮೂಲೆ ನೋಡಿ. ಸಿದ್ದಿ ಹೆಂಗಸರು ಪ್ರತಿ ಮೂಲೆಗೂ ಬಟ್ಟೆಯನ್ನು ಮೂರುಮೂಲೆಯಾಗಿ ಮಡಚಿದ ಒಂದು ಪುಟ್ಟ ಹೂವು ಇಡುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಮುಗಿದದ್ದಲ್ಲ. ಅಂಗೈಯಷ್ಟು ಚೌಕವನ್ನು ಎರಡು ಸಲ ಮಡಚಿದರೆ ಮೂರುಮೂಲೆ ಸಿಗುತ್ತದೆ. ತುದಿ ಹೊರಗೆ ಚಾಚಿರಲಿ, ಬುಡ ಅಂಚಿನ ಮಡಿಕೆಯ ಒಳಗೆ ಹೋಗಲಿ. ಮೊದಲ ಮೂಲೆಗೆ ಶುರುವಿನಲ್ಲೇ ಇಡಬೇಕು, ಉಳಿದ ಮೂರಕ್ಕೆ ಮೊದಲ ಸುತ್ತಿನಲ್ಲಿ ಮೂಲೆ ತಿರುಗುವಾಗ. ಮರೆತಿದ್ದರೆ ಅಲ್ಲಿ ನಾಲ್ಕು ಹೊಲಿಗೆ ಬಿಚ್ಚಿ, ಹೂವು ತೂರಿಸಿ, ಮತ್ತೆ ಎಡದಿಂದ ಬಲಕ್ಕೆ ಹೊಲಿದುಬಿಡಿ.